ಅಜಾಯಬ್‌ಘರಿಗೆ ನಾಲ್ಕು ದಿನದ ದಾರಿ

ನಮ್ಮ ಕಾಕಾನಷ್ಟು ಧೈರ್ಯವಂತರು ಇಡೀ ಶಹಾಬಾದಿನಲ್ಲಿ ಇನ್ನೊಬ್ಬರಿಲ್ಲ ಎಂದು ಹೇಳುವವರು ಒಬ್ಬರೇ ಇದ್ದರು. ಅವರು ನಮ್ಮ ಕಾಕಾ! ಹುಲಿಯೆಂದರೆ ತಮಗೆ ಎಳ್ಳಷ್ಟೂ ಅಂಜಿಕೆಯಿಲ್ಲವೆಂದು ಎದೆ ತಟ್ಟಿಕೊಳ್ಳುತ್ತಿದ್ದರು. ಅಂಜಿಕೆ ಇರುವುದಾದರೂ ಹೇಗೆ? ಹುಲಿ ಇರುವುದು ಚಿಂಚೋಳಿಯ ಕಾಡಿನಲ್ಲಿ, ಕಾಕಾ ಶಹಾಬಾದಿನ ಅಗಸಿ ದಾಟುವವರಲ್ಲ. ಹುಲಿಯೊಂದನ್ನು ಬಿಟ್ಟರೆ ಉಳಿದ ಎಲ್ಲಕ್ಕೂ ಅಂಜುತ್ತಿದ್ದರು. ಪೊಲೀಸರ ರುಮಾಲಿಗೆ, ಟಪಾಲಿನವನ ಚೀಲಕ್ಕೆ, ಪರವೂರಿನ ನೀರಿಗೆ, ಪರರ ಮನೆಯ ಮಾಳಿಗೆಗೆ. ಕಲ್ಲಿನ ಖಣಿಯಲ್ಲಿ ಇಪ್ಪತ್ತು ವರ್ಷ ಗುಮಾಸ್ತರಾಗಿದ್ದು ಒಮ್ಮೆಯೂ ಖಣಿಯೊಳಗೆ ಇಳಿದವರಲ್ಲ. ಯಾಕೆಂದು ಕೇಳಿದರೆ, "ಮ್ಯಾಲಿಂದೇ ಎಲ್ಲಾ ಕಾಣ್ತದಲ್ಲ?" ಎನ್ನುತ್ತಿದ್ದರು.

ಇಂಥ ಕಾಕಾನನ್ನು ಅವರ ಹೆಂಡತಿ, ನಮ್ಮ ಕಾಕು, ಒಂದು ದಿನ ಹೈದರಾಬಾದಿನ ಅಜಾಯಬ್‌ಘರ್ ತೋರಿಸಿರೆಂದು ಕೇಳಿಬಿಟ್ಟರು.

ನಿಜಾಮರ ರಾಜ್ಯದ ಕಾಲ ಅದು. ರಾಜ್ಯದ ಊರೂರಿನಿಂದ ಒಟ್ಟುಮಾಡಿದ ಹಳೆಯ ಮೂರ್ತಿ, ಕತ್ತಿ, ನಾಣ್ಯಗಳನ್ನೆಲ್ಲ ಹೈದರಾಬಾದಿನ ದೊಡ್ಡ ಉದ್ಯಾನದೊಳಗಿನ ಈ ವಸ್ತುಸಂಗ್ರಹಾಲಯದಲ್ಲಿ ಇಟ್ಟಿದ್ದರು. ಕಾಕುವಿನ ತವರು ಮಳಖೇಡ. ಕಾಗಿಣಾ ಹೊಳೆಯ ದಂಡೆಯ ಅವರ ಹೊಲದಲ್ಲಿ ಸೊಂಟದವರೆಗೆ ಹೂತುಹೋದ ಕಲ್ಲಿನ ಹೆಣ್ಣುಮೂರ್ತಿಯೊಂದಿತ್ತಂತೆ. ಒಬ್ಬಳೇ ಮಗಳಾದ ಕಾಕು ಅದನ್ನು ಅಕ್ಕಾ ಎಂದು ಕರೆದು, ತಲೆಗೆ ಹೂ ಇಟ್ಟು, ಬುತ್ತಿಯ ರೊಟ್ಟಿ ಮುರಿದು ಕೊಟ್ಟು ಬೆಳೆದವರು. ಹತ್ತು ವರ್ಷದವರಿದ್ದಾಗ ಸರಕಾರದವರು ಬಂದು ಅಕ್ಕನನ್ನು ಬಂಡಿಯಲ್ಲಿ ಹೇರಿಕೊಂಡು ಹೋದರು. ಆಕೆ ಹೈದರಾಬಾದಿನಲ್ಲಿದ್ದಾಳೆಂದು ಊರವರು ಹೇಳುತ್ತಿದ್ದರು. ನಲವತ್ತು ದಾಟಿದ ಕಾಕು ಈಗ ಯಾಕೆ ಕೇಳಿದರೆಂದರೆ, ಕಣ್ಣಿನೊಳಗಿನ ನರ ಒಣಗುತ್ತಿದೆ, ವರ್ಷವೋ ಎರಡು ವರ್ಷವೋ, ಇದಕ್ಕೆ ಔಷಧವಿಲ್ಲ ಎಂದು ಕಲಬುರಗಿಯ ಡಾಕ್ಟರರು ಆ ವಾರವೇ ಹೇಳಿದ್ದರು. ಕಾಕು ಅಳಲಿಲ್ಲ. "ಹಂಗಾದ್ರ ಅಕ್ಕಗ ಒಮ್ಮಿ ನೋಡ್ತೀನ್ರಿ" ಎಂದರು, ಅಷ್ಟೇ.

ದಸರೆಯ ಸೂಟಿಯಲ್ಲಿ ಹೋಗೋಣವೆಂದರು ಕಾಕಾ. ದಸರೆಗೆ ಮಳೆ ಬರಬಹುದೆನಿಸಿತು. ದೀಪಾವಳಿಗೆ ಪಟಾಕಿಯಿಂದ ರೈಲಿಗೆ ಬೆಂಕಿ ಹತ್ತೀತು. ಸಂಕ್ರಾಂತಿಗೆ ಚಳಿ, ಯುಗಾದಿಗೆ ಬಿಸಿಲು. ಪಂಚಾಂಗದಲ್ಲಿ ಪ್ರಯಾಣಕ್ಕೆ ಯೋಗ್ಯವಾದ ಹಬ್ಬವೇ ಇರಲಿಲ್ಲ! ಹೀಗೆ ವರ್ಷ ಉರುಳಿ ಮತ್ತೆ ದಸರೆ ಬಂದಾಗ ನಾನು ಚಿತ್ತಾಪುರದಿಂದ ಶಹಾಬಾದಿಗೆ ಹೊರಟು ಬಂದೆ. ಅಲ್ಲಿನ ಮದರಸಾದಲ್ಲಿ, ಎಂದರೆ ಸರಕಾರಿ ಶಾಲೆಯಲ್ಲಿ, ಮಾಸ್ತರನಾಗಿದ್ದೆ. ಅಂಗಳದಲ್ಲಿ ಕಾಕು ಜೋಳ ಹಸನು ಮಾಡುತ್ತಿದ್ದರು. ಕಲ್ಲುಗಳನ್ನು ಮೊರದಲ್ಲೇ ಬಿಟ್ಟು ಜೋಳದ ಕಾಳುಗಳನ್ನು ಆರಿಸಿ ಚೆಲ್ಲುತ್ತಿದ್ದರು. ನಾನು ಮಾತಾಡದೆ ಸ್ಟೇಷನ್ನಿಗೆ ಹೋಗಿ ಮೂರು ಟಿಕೀಟು ತಂದೆ.

ಕಾಕಾ ಮನೆಯ ಬೀಗ, ಆರು ಮೊಳ ಹಗ್ಗ, ತಿಗಣೆಗೆಂದು ಬೇವಿನ ಸೊಪ್ಪು, ಶಹಾಬಾದಿನ ನೀರು ತುಂಬಿದ ಎರಡು ಹೂಜಿ, ಇಷ್ಟನ್ನೆಲ್ಲ ಟ್ರಂಕು, ಹಾಸಿಗೆಗಳ ಜೊತೆಗೆ ಕಟ್ಟಿಕೊಂಡು ಹೊರಟರು. ವಾಡಿಯಲ್ಲಿ ಗಾಡಿ ಬದಲಿಸಬೇಕು. ಹೈದರಾಬಾದ್ ಗಾಡಿ ಹೈದರಾಬಾದಿಗೇ ಹೋಗುತ್ತದೆಯೇ ಎಂದು ಕಾಕಾ ಸ್ಟೇಷನ್ ಮಾಸ್ತರರನ್ನು ಆರು ಸಲ ಕೇಳಿದರು. ಏಳನೆಯ ಸಲಕ್ಕೆ ಅವರು, "ಇಲ್ಲ, ಕಾಶಿಗಿ ಹೊಂಟದ, ಹೋಗ್ರಿ!" ಎಂದು ಗದರಿಸಿದರು. ಗಾಡಿ ಬಂತು. ಕಾಕಾ ಹಾಸಿಗೆಯ ಗಂಟಿನ ಮೇಲಿಂದ ಏಳಲೇ ಇಲ್ಲ!

"ಕಾಕಾ, ಗಾಡಿ ಹೊಂಟೈತ್ರಿ!" ಎಂದು ನಾನು ಚೀರಿದೆ.

"ಹೋಗ್ಲಿ ಬಿಡು ತಮ್ಮಾ. ಕಾಶಿಗಿ ಹೋಗೂ ವಯಸ್ಸೇನು ನಮ್ಮದು?"

ಆ ದಿನ ವಾಡಿಯ ಮುಸಾಫಿರಖಾನೆಯಲ್ಲೇ ಉಳಿದೆವು. ಮರುದಿನ ಹೇಗೋ ಗಾಡಿ ಹತ್ತಿಸಿದರೆ, ಚಿತ್ತಾಪುರ ಬಂದೊಡನೆ ಕಾಕಾ ಇಳಿದುಬಿಟ್ಟರು. ರೈಲಿನಲ್ಲಿ ಬಹಳ ಹೊತ್ತು ಕೂತರೆ, ಒಳಗೆ ಮಂದಿ ಇದ್ದಾರೆಂಬುದು ರೈಲಿಗೇ ಮರೆತುಹೋಗುತ್ತದಂತೆ! ನನ್ನ ಬಾಡಿಗೆ ಕೋಣೆಗೆ ಕರೆದುಕೊಂಡು ಹೋದೆ. ಹೊಸ್ತಿಲಲ್ಲೇ ನಿಂತು ತೊಲೆಗಳನ್ನು ಎಣಿಸಿದರು. ಮನೆಯ ಮಾಲಕರನ್ನು ಕರೆಸಿ, "ಈ ಮಾಳಿಗಿ ಎಂದರ ಬಿದ್ದದೇನ್ರಿ?" ಎಂದು ಕೇಳಿದರು.

"ನಮ್ಮಜ್ಜನ ಕಾಲದಿಂದ ಒಮ್ಮಿನೂ ಬಿದ್ದಿಲ್ರಿ" ಎಂದು ಅವರು ಹೆಮ್ಮೆಯಿಂದ ಹೇಳಿದರು.

ಕಾಕಾನ ಮುಖ ಬಿಳಿಚಿತು. "ಒಮ್ಮಿ ಬಿದ್ದಿದ್ರ ಧೈರ್ಯ ಇರ್ತಿತ್ತು. ಇದು ಇನ್ನಾ ಬೀಳೂದು ಬಾಕಿ ಅದ!"

ಹಾಸಿಗೆ ಅಂಗಳಕ್ಕೆ ಬಂತು. ಅಂಗಳದಲ್ಲಿ ಬೇವಿನ ಮರವಿತ್ತು. ಅದೂ ಬಿದ್ದಿರಲಿಲ್ಲವಲ್ಲ! ಹಾಸಿಗೆ ಓಣಿಗೆ ಹೋಯಿತು.

ಮೂರನೆಯ ದಿನ ಸೇಡಮಿನಲ್ಲಿ ಇಳಿದರು. ನಾನು ಹಲ್ಲು ಕಚ್ಚಿಕೊಂಡು ಹಿಂದೆ ಹೋದೆ. ಅಲ್ಲಿನ ಧರ್ಮಶಾಲೆಯಲ್ಲಿ ಕಳ್ಳರಿದ್ದಾರೆಂದು ಯಾರೋ ಹೇಳಿದ್ದರಂತೆ. ಕಾಕಾ ಟ್ರಂಕಿಗೆ ಹಗ್ಗ ಕಟ್ಟಿ, ಇನ್ನೊಂದು ತುದಿಯನ್ನು ತಮ್ಮ ಕಾಲಿಗೆ ಬಿಗಿದುಕೊಂಡು ಮಧ್ಯಾಹ್ನ ಮಲಗಿದರು. ಊಟಕ್ಕೆ ಕರೆ ಬಂತು. ಗಡಬಡಿಸಿ ಎದ್ದು ಎರಡು ಹೆಜ್ಜೆ ಇಟ್ಟರು, ಹಿಂದಿನಿಂದ ಯಾರೋ ಕಾಲು ಎಳೆದಂತಾಯಿತು. "ಕಳ್ಳ! ಕಳ್ಳ!" ಎಂದು ಓಡಿದರು. ಟ್ರಂಕೂ ಧಡಧಡ ಸದ್ದು ಮಾಡುತ್ತಾ ಬೆನ್ನಟ್ಟಿತು! ಪಂಕ್ತಿಯಲ್ಲಿ ಕೂತಿದ್ದ ಮಂದಿ ತಾಟು ಬಿಟ್ಟೆದ್ದು ನಕ್ಕರು. ನಾನೂ ನಕ್ಕೆ.

ಕಂಬಕ್ಕೆ ಒರಗಿ ಕೂತಿದ್ದ ಕಾಕು ನಗಲಿಲ್ಲ. ಏನಾಯಿತೆಂದು ಅವರಿಗೆ ತಿಳಿದಿರಲಿಲ್ಲ. ನನ್ನ ಅಂಗಿ ಹುಡುಕಿ ಹಿಡಿದು, "ತಮ್ಮಾ, ದೀಪ ಯಾಕ ಹಚ್ಚಿಲ್ಲ ಇವರು?" ಎಂದು ಕೇಳಿದರು.

ಹೊರಗೆ ಸುಡುವ ಬಿಸಿಲಿತ್ತು.

ನಾನು ಕಾಕಾನನ್ನು ಬಾವಿಯ ಕಡೆ ಕರೆದುಕೊಂಡು ಹೋಗಿ, ಇಷ್ಟು ವರ್ಷ ಆಡದ ಮಾತು ಆಡಿದೆ. "ನಿಮ್ಮ ಅಂಜಿಕಿ ಸಲುವಾಗಿ ಕಾಕುನ ಒಂದು ವರ್ಷ ಹಾಳಾತ್ರಿ. ಇನ್ನ ಅಲ್ಲಿಗಿ ಹೋಗಿ ಏನು ನೋಡ್ತಾರ ಅವರು?"

ಟ್ರಂಕಿನಿಂದ ಕಳಚಿಯೂ ಕಾಲಿನಲ್ಲೇ ಉಳಿದಿದ್ದ ಹಗ್ಗವನ್ನು ಕಾಕಾ ಬಿಚ್ಚತೊಡಗಿದರು. ಗಂಟು ಬಿಚ್ಚಿಬರಲಿಲ್ಲ. ಆಮೇಲೆ ತಲೆ ಎತ್ತದೆ ಹೇಳಿದರು: "ರೈಲಿನ ಅಂಜಿಕಿ ಖರೇನೇ ತಮ್ಮಾ. ಆದ್ರ ಅದೊಂದೇ ಅಲ್ಲ. ಆಕಿಗಿ ನೋಡೂದು ಏನರ ಬಾಕಿ ಇದ್ರ, ಅಲ್ಲೀತನಕ ಕಣ್ಣು ನಿಲ್ತಾವ ಅನ್ಕೊಂಡಿದ್ದೆ. ನೋಡಿ ಮುಗಸಿಬಿಟ್ರ ಹೋಗಿಬಿಡ್ತಾವೇನೋ ಅಂತ…"

ನಾನು ಕೂತು ಗಂಟು ಬಿಚ್ಚಿದೆ.

ಸಂಜೆಯ ಗಾಡಿಗೆ ಎಲ್ಲರಿಗಿಂತ ಮೊದಲು ಕಾಕಾನೇ ಹತ್ತಿದರು. ಯಾವ ಸ್ಟೇಷನ್ನಿನಲ್ಲೂ ಇಳಿಯಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಅಜಾಯಬ್‌ಘರಿನಲ್ಲಿದ್ದೆವು. ಕಲ್ಲಿನ ಮೂರ್ತಿಗಳ ದೊಡ್ಡ ಕೋಣೆ. ಪ್ರತಿಯೊಂದರ ಕೆಳಗೂ ಉರ್ದುವಿನಲ್ಲಿ ಬರೆದ ಚೀಟಿ. ಕಾಕು ಕೈ ಮುಂದೆ ಚಾಚಿ ಬಾಗಿಲಲ್ಲೇ ನಿಂತರು. ಅವರ ಪಾಲಿಗೆ ಆ ಕೋಣೆಯಲ್ಲಿ ಎತ್ತರದ ಕಿಟಕಿಗಳ ಬಿಳುಪಷ್ಟೇ ಇತ್ತು. ಕಾಕಾ ಒಬ್ಬರೇ ಚೀಟಿಗಳನ್ನೆಲ್ಲ ಓದುತ್ತಾ ಒಂದು ಸುತ್ತು ಬಂದರು. ಇನ್ನೊಂದು ಸುತ್ತು ಬಂದರು. ಮೂರನೆಯ ಸುತ್ತಿಗೆ ಅವರ ಹಣೆಯ ಮೇಲೆ ಬೆವರು ಒಡೆದಿತ್ತು. ಆಮೇಲೆ ಒಂದು ಹೆಣ್ಣುಮೂರ್ತಿಯ ಮುಂದೆ ನಿಂತು, "ಸಿಕ್ಕಳು! ಬಾ, ನಿಮ್ಮ ಅಕ್ಕ ಇಲ್ಲೇ ಅದಾಳ!" ಎಂದು ಕೂಗಿದರು.

ನಾನು ಓಡಿಹೋಗಿ ಚೀಟಿ ಓದಿದೆ. ಮೂರ್ತಿ ವರಂಗಲ್ ಕಡೆಯದು. ಕಾಕಾನ ಮುಖ ನೋಡಿದೆ. ಅವರೂ ನನ್ನನ್ನು ನೋಡಿದರು. ನಾನು ಪಕ್ಕಕ್ಕೆ ಸರಿದು ದಾರಿ ಬಿಟ್ಟೆ.

ಮೂರ್ತಿಯ ಸುತ್ತ ಹಗ್ಗ ಕಟ್ಟಿತ್ತು. ಕಾಕಾ ಕಾಕುವನ್ನು ಕರೆತಂದು, ಹಗ್ಗವನ್ನು ಕೆಳಗೆ ಒತ್ತಿ, ಕೈ ಹಿಡಿದು ದಾಟಿಸಿದರು.

"ಹಾತ್ ನಕೋ ಲಗಾವ್, ಅಮ್ಮಾ!" ಎಂದು ಪಹರೆಯವನು, ಮೂರ್ತಿಯನ್ನು ಮುಟ್ಟಬೇಡವೆಂದು ಕೂಗುತ್ತಾ ಬಂದ. ಟಪಾಲಿನವನಿಗೂ ಸಲಾಂ ಹೊಡೆಯುವ ನಮ್ಮ ಕಾಕಾ ಅವನಿಗೆ ಅಡ್ಡ ನಿಂತರು! ಧ್ವನಿ ಗಡಗಡ ನಡುಗುತ್ತಿತ್ತು, ಕಾಲು ಮಾತ್ರ ಕದಲಲಿಲ್ಲ. "ಆಕಿಗಿ ಕಣ್ಣು ಕಾಣಂಗಿಲ್ರಿ ಸಾಹೇಬ. ಕೈಲಿಂದೇ ನೋಡಬೇಕು. ಬೇಕಂದ್ರ ನನಗ ಒಯ್ದು ಜೇಲಿಗಿ ಹಾಕ್ರಿ."

ಪಹರೆಯವನು ಕಾಕುವಿನ ಕಡೆ ಒಮ್ಮೆ ನೋಡಿದ. "ಜಲ್ದಿ ನೋಡ್ಲಿ, ಚಾಚಾ" ಎಂದು ನಮಗೆ ಬೆನ್ನು ಮಾಡಿ ಬಾಗಿಲಿಗೆ ಹೋಗಿ ನಿಂತ.

ಕಾಕು ಮೂರ್ತಿಯ ಹಣೆ ಸವರಿದರು, ಕಿವಿ ಸವರಿದರು, ಹೆಗಲಿನಿಂದ ತೋಳಿಗೆ ಇಳಿದು ಎಡಗೈ ಬೆರಳುಗಳ ಮೇಲೆ ಬಹಳ ಹೊತ್ತು ಕೈಯಿಟ್ಟರು. ಕೊನೆಗೆ ಕಾಕು, "ಹೌದ್ರಿ, ಇಕಿನೇ" ಎಂದರು. ಕಾಕಾ ರುಮಾಲು ಬಿಚ್ಚಿ ಮುಖ ಒರಸಿಕೊಂಡರು.

ಟಾಂಗಾ ತರುತ್ತೇನೆಂದು ಕಾಕಾ ಹೋದ ಮೇಲೆ ನಾವಿಬ್ಬರೂ ಉದ್ಯಾನದ ಕಟ್ಟೆಯ ಮೇಲೆ ಕೂತೆವು. ಕಾಕು ಮೆಲ್ಲಗೆ ಹೇಳಿದರು: "ತಮ್ಮಾ, ನಮ್ಮ ಅಕ್ಕಗ ಎಡಗೈನೇ ಇದ್ದಿಲ್ಲ. ಮೊಣಕೈ ಕೆಳಗ ಮುರದಿತ್ತು. ಇಕಿಗಿ ಐದೂ ಬೆರಳು ಅವ."

"ಮತ್ತ ಹೌದು ಅಂದ್ರಲ್ಲ, ಕಾಕು?"

"ನನ್ನ ಕೈ ಹಿಡದಾಗ ಅವರ ಕೈ ಭಾಳ ನಡಗಾಕತ್ತಿತ್ತು. ಇಲ್ಲ ಅಂತ ಹ್ಯಾಂಗ ಅನ್ಲಿ? ಅವರಿಗಿ ಹೇಳಬ್ಯಾಡ."

ಟಾಂಗಾ ಬಂತು. ಕಾಕಾ ಕುದುರೆಯ ಕಾಲು ಪರೀಕ್ಷಿಸಲಿಲ್ಲ, ಗಾಲಿ ತಟ್ಟಿ ನೋಡಲಿಲ್ಲ. ಕಾಕುವಿನ ಪಕ್ಕದಲ್ಲಿ ಕೂತು, ದಾರಿಯಲ್ಲಿ ಕಂಡದ್ದನ್ನೆಲ್ಲ ಹೇಳತೊಡಗಿದರು. "ಇಲ್ಲೊಬ್ಬಾಕಿ ಕೆಂಪು ಸೀರಿ ಉಟಗೊಂಡು ಸೀತಾಫಲ ಮಾರಾಕತ್ತಾಳ. ಬಾಜೂಕ ಒಬ್ಬ ಮುದುಕ ಪಂಜರದಾಗ ಗಿಳಿ ಹಿಡಕೊಂಡು ಕುಂತಾನ. ಗಿಳಿ ಅವನಿಗಿ ಬೈಯಾಕತ್ತದ ನೋಡು…" ಕಾಕು ಆ ಕಡೆಗೇ ಮುಖ ತಿರುಗಿಸಿ, "ಹೂಂ, ಆಮ್ಯಾಲ?" ಎನ್ನುತ್ತಿದ್ದರು.

ಹೇಳುತ್ತಾ ಹೇಳುತ್ತಾ ಕಾಕಾ ರೈಲನ್ನೂ ಅದರ ಅಂಜಿಕೆಯನ್ನೂ ಮರೆತಿದ್ದರು. ಗಾಡಿಗೆ ಹೊತ್ತಾಯಿತೆಂದು ಆ ದಿನ ನಾನೇ ಹೇಳಬೇಕಾಯಿತು.