ಅತ್ತೆಯ ಕಾರ್ ಶೆಡ್ಡು

ನಮ್ಮತ್ತೆ ಪೊಲೀಸರಿಗೆ ಹೆದರುವುದಿಲ್ಲ, ಬೀದಿನಾಯಿಗಳಿಗೆ ಹೆದರುವುದಿಲ್ಲ, ಸೊಸೆಗಂತೂ ಇಲ್ಲವೇ ಇಲ್ಲ! ಇಡೀ ಗಂಗಾನಗರದಲ್ಲಿ ಅವರ ಎದೆ ಝಲ್ಲೆನ್ನಿಸುವುದು ಒಂದೇ ಒಂದು. ಬೆಳಗ್ಗೆ ಹಾಡು ಹಾಕಿಕೊಂಡು ಬರುವ ಕಸದ ಆಟೋ. ಆ ಹಾಡು ಬೀದಿಯ ತುದಿಯಲ್ಲಿ ಕೇಳಿಸಿದರೆ ಸಾಕು, ಮಂಡಿನೋವು ಎಲ್ಲಿ ಹೋಗುತ್ತದೋ! ಎರಡೆರಡು ಮೆಟ್ಟಿಲು ಹಾರಿ ಇಳಿಯುತ್ತಾರೆ. ಊರಿನವರೆಲ್ಲ ಕಸ ಹಾಕಲು ಓಡಿದರೆ ಇವರು ತೆಗೆಯಲು ಓಡುತ್ತಾರೆ.

"ಅಮ್ಮಾ, ಎಲ್ರೂ ಗಾಡಿಗೆ ತುಂಬ್ತಾರೆ, ನೀವೊಬ್ರು ಇಳಿಸ್ತೀರ. ನಾನ್ ಮನೆಗ್ ಹೋಗೋದ್ ಯಾವಾಗ?" ಎಂದು ಆಟೋ ಡ್ರೈವರ್ ಒಮ್ಮೆ ಗೋಗರೆದ.

"ನಿನ್ ಗಾಡಿ ಹಗುರ ಆಗ್ಲಿ ಅಂತ್ಲೇ ಕಣಪ್ಪಾ ನಾನ್ ಒದ್ದಾಡ್ತಿರೋದು! ನಿಂಗೂ ಸುಖ, ಇದ್ನೆಲ್ಲಾ ಮೂಗಿನ್ ಮುಂದೆ ಸುರಿಸ್ಕೊಳ್ಳೋ ಊರಾಚೆ ಹಳ್ಳಿಯವ್ರಿಗೂ ಸುಖ," ಎಂದು ಅತ್ತೆ ಒಂದು ಫ್ಯಾನನ್ನು ಎಳೆದುಕೊಂಡರು.

ಅತ್ತೆ ಗೊರಗುಂಟೆಪಾಳ್ಯದ ಗಾರ್ಮೆಂಟ್ಸೊಂದರಲ್ಲಿ ಶರಟಿನ ಕಾಲರ್ ಹೊಲಿದು ನಿವೃತ್ತರಾದವರು. ಕತ್ತರಿಸಿ ಉಳಿದ ಒಳ್ಳೊಳ್ಳೆಯ ಬಟ್ಟೆ ಗುಡ್ಡೆಗಟ್ಟಲೆ ಕಸಕ್ಕೆ ಹೋಗುವುದನ್ನು ನೋಡಿ ನೋಡಿ ಹೀಗಾದರು ಎಂಬುದು ನನ್ನ ಗಂಡನ ಸಿದ್ಧಾಂತ. ಪಾಪ, ಸಿದ್ಧಾಂತ ಕಟ್ಟುವ ಹಕ್ಕು ಅವರಿಗಿದೆ. ಅವರ ಕಾರು ವರ್ಷಗಳಿಂದ ಬೀದಿಯ ಹೊಂಗೆ ಮರದಡಿ ನಿಂತು ಕಾಗೆಗಳ ಆಶೀರ್ವಾದ ಪಡೆಯುತ್ತಿದೆ. ಶೆಡ್ಡಿನ ತುಂಬ ಅತ್ತೆಯ ಸಂಸಾರ! ತೊಟ್ಟಿಲು, ಊರುಗೋಲು, ಗಾಲಿಕುರ್ಚಿ, ಸ್ಕೂಲ್ ಬ್ಯಾಗು, ಮದುವೆಮನೆಯ ಕೊಳಗ. ಬೇಕಾದವರು ಒಯ್ಯಬಹುದು, ಕೆಲಸ ಮುಗಿದ ಮೇಲೆ ತಂದಿಡಬೇಕು. ಕಾನೂನು ಇಷ್ಟೇ. ಆ ಒಂದೇ ತೊಟ್ಟಿಲು ನಮ್ಮ ಬೀದಿಯ ಎಷ್ಟು ಮಕ್ಕಳನ್ನು ತೂಗಿದೆಯೋ, ತೊಟ್ಟಿಲಿಗೇ ಗೊತ್ತು.

ಭಾನುವಾರ ಆರ್.ಟಿ. ನಗರದಿಂದ ಮಿಕ್ಸಿ ರಿಪೇರಿಯ ಭಾಯಿ ಬರುತ್ತಾರೆ. ಟೀ ಕುಡಿಯುತ್ತಾ ಅತ್ತೆಯ ರೋಗಿಗಳನ್ನು ಒಂದೊಂದಾಗಿ ಪರೀಕ್ಷಿಸುತ್ತಾರೆ.

"ಅಮ್ಮಾ, ಇದ್ರ ಮೋಟಾರ್ ಮರ್ ಗಯಾ. ಮಣ್ಣು ಮಾಡ್ಬಿಡಿ," ಎಂದರು ಒಂದು ಸಲ.

"ಮೋಟಾರ್ ಹೋದ್ರೆ ಏನಂತೆ? ಜಾರ್ ಇನ್ನೂ ಗಟ್ಟಿಯಾಗಿದೆ. ಜಾರ್ ಒಡ್ಕೊಂಡಿರೋ ಮನೆ ಯಾವ್ದಾದ್ರೂ ನೋಡಿ, ಮದ್ವೆ ಮಾಡ್ಬಿಡೋಣ!"

ಮರುವಾರವೇ ಮೂರನೇ ಕ್ರಾಸಿನಲ್ಲಿ ಸಂಬಂಧ ಕುದುರಿತು. ಅಲ್ಲಿಂದ ಒಂದು ಬಟ್ಟಲು ಕೊಬ್ಬರಿ ಚಟ್ನಿ ಬಂತು. ಬೀಗರ ಊಟವೆಂದು ಅತ್ತೆ ನಮಗೆಲ್ಲ ಹಂಚಿದರು.

ನಾನು ಸುಮ್ಮನಿದ್ದೆನೇ? ಇಲ್ಲ ಸ್ವಾಮಿ, ಬಂಡಾಯವೆದ್ದೆ! ಹಿಡಿ ಮುರಿದ ಹಳೆಯ ತವಾವನ್ನು ಬ್ಯಾಗಿನಲ್ಲಿ ಬಚ್ಚಿಟ್ಟುಕೊಂಡು, ನಾಲ್ಕು ಬೀದಿ ಆಚೆ ಒಂದು ಮೂಲೆಯಲ್ಲಿಟ್ಟು ತಿರುಗಿ ನೋಡದೆ ನಡೆದೆ. ಸಂಜೆ ಮನೆಗೆ ಬಂದರೆ ಇಸ್ತ್ರಿ ಅಂಗಡಿಯಾಕೆ ತವಾ ಹಿಡಿದು ಅತ್ತೆಯೆದುರು ನಿಂತಿದ್ದಳು.

"ಇದು ನಿಮ್ದೇ ಅಲ್ವೇನಮ್ಮಾ? ಯಾರೋ ಕದ್ದು ಅಲ್ಲಿ ಬಿಸಾಕೋಗಿದ್ರು!"

ಅತ್ತೆ ನನ್ನತ್ತ ನೋಡಲಿಲ್ಲ. "ಪಾಪ, ಕಳ್ಳಂಗೆ ಕೊನೇಲಿ ಮನಸ್ಸು ಕರಗಿರ್ಬೇಕು," ಎಂದರು. ಮರುದಿನ ಹೊಸ ಹಿಡಿ ತೊಟ್ಟ ತವಾದ ಮೇಲಿನ ಮೊದಲ ದೋಸೆ ನನ್ನ ತಟ್ಟೆಗೇ ಬಿತ್ತು.

ಗಂಡನ ಬಂಡಾಯ ಇನ್ನೂ ದೊಡ್ಡದು. ಅತ್ತೆ ತಂಗಿಯ ಮನೆಗೆಂದು ಮಾಕಳಿಗೆ ಹೋದ ದಿನ ಯಶವಂತಪುರದ ಗುಜರಿಯವನನ್ನೇ ಕರೆಸಿ, "ಎಲ್ಲಾ ತಗೊಂಡ್ ಹೋಗು ಗುರು, ಶೆಡ್ ಖಾಲಿ ಆಗ್ಬೇಕು," ಎಂದರು. ಗುಜರಿಯವನು ಒಳಹೊಕ್ಕವನು ಅರ್ಧ ಗಂಟೆ ಹೊರಬರಲಿಲ್ಲ. ಬಂದಾಗ ಕೈಯಲ್ಲಿ ಒಂದು ಸ್ಕೂಲ್ ಬ್ಯಾಗಿತ್ತು.

"ಸಾರ್, ಇದು ನನ್ ಮಗಳಿಗೆ ಬೇಕು. ಆಮೇಲೆ, ಆ ಗಾಲಿಕುರ್ಚಿಗೆ ಒಂದ್ ಚಕ್ರ ಸರಿಯಿಲ್ಲ. ನನ್ ಹತ್ರ ಐತೆ, ನಾಳೆ ತಂದಾಕ್ತೀನಿ."

ಶೆಡ್ಡು ಖಾಲಿಯಾಗುವುದಿರಲಿ, ಮರುದಿನದಿಂದ ಅವನ ಗಾಡಿಯೂ ನಮ್ಮ ಮನೆಯ ಮುಂದೆ ನಿಲ್ಲತೊಡಗಿತು! ನನ್ನ ಗಂಡ ಹೊಂಗೆ ಮರದಡಿ ಹೋಗಿ ಕಾರು ಒರೆಸಿದರು.

ಹೀಗೆ ಯಾರು ಏನು ತಂದರೂ ಎರಡೂ ಕೈ ಚಾಚುವ ಅತ್ತೆ, ಬೇಡವೆಂದದ್ದನ್ನು ನಾನು ಒಂದೇ ಸಲ ಕಂಡಿದ್ದೇನೆ.

ಬೀದಿಗೆಲ್ಲ ಅಕ್ಕನಂತಿದ್ದ ಎದುರುಮನೆಯ ಆಪಾ ಗಂಡನನ್ನು ಕಳೆದುಕೊಂಡು ಎರಡು ತಿಂಗಳಾಗಿತ್ತು. ಒಂದು ಮಧ್ಯಾಹ್ನ ಮಗನ ಕೈಹಿಡಿದು ರಸ್ತೆ ದಾಟಿ ಬಂದರು. ಕೈಯಲ್ಲಿ ಗಂಡನ ಬೂದು ಬಣ್ಣದ ಸ್ವೆಟರ್. ಒಗೆದು, ಮಡಚಿ, ಗುಂಡಿಗಳನ್ನೆಲ್ಲ ಹಾಕಿಯಾಗಿತ್ತು.

"ಒಳ್ಳೇದಿದೆ ಅಮ್ಮಾ. ಯಾರಿಗಾದ್ರೂ ಆಗುತ್ತೆ," ಎಂದರು. ಆದರೆ ಸ್ವೆಟರ್ ಹಿಡಿದ ಬೆರಳುಗಳು ಸಡಿಲಾಗಲಿಲ್ಲ.

ಅತ್ತೆ ಆ ಬೆರಳುಗಳನ್ನೇ ನೋಡಿದರು. ಆಮೇಲೆ ಅವನ್ನು ಸ್ವೆಟರ್ ಸಮೇತ ತಮ್ಮ ಎರಡೂ ಕೈಗಳಲ್ಲಿ ಮುಚ್ಚಿ ಹಿಂದಕ್ಕೆ ತಳ್ಳಿದರು.

"ಇದಕ್ಕೆ ನಿಮ್ಮನೇಲಿ ಇನ್ನೂ ಕೆಲ್ಸ ಇದೆ ಕಣಮ್ಮಾ. ಇಟ್ಕೊಳ್ಳಿ."

ಆಪಾ ಅಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಮುಖವನ್ನು ಸ್ವೆಟರಿನಲ್ಲಿ ಮುಚ್ಚಿಕೊಂಡು, ಎರಡು ತಿಂಗಳಿಂದ ಅಳದೆ ಉಳಿದದ್ದನ್ನೆಲ್ಲ ಅತ್ತರು. ಅತ್ತೆ ಮಂಡಿ ಹಿಡಿದುಕೊಂಡು ಮೆಲ್ಲಗೆ ಪಕ್ಕದಲ್ಲಿ ಕುಳಿತು, ಶೆಡ್ಡಿನ ಬಾಗಿಲನ್ನು ಕಾಲಿನಿಂದಲೇ ಮುಂದೆ ಮಾಡಿದರು.