ಮಾವ ಕೊಟ್ಟ ಗಡಿಯಾರ

ಕಳೆದ ತಿಂಗಳ ಒಂದು ಭಾನುವಾರ ಬೆಳಗ್ಗೆ ಹತ್ತು ಇಪ್ಪತ್ತಕ್ಕೆ ವಿಜಯಪುರದಲ್ಲಿ, ನನ್ನ ಮಣಿಕಟ್ಟಿನ ಮೇಲೆ, ಕಾಲ ನಿಂತುಹೋಯಿತು. ಸಾವುನೋವಿನ ವರದಿಯಿಲ್ಲ. ಈ ಗಡಿಯಾರ ಮನೆಗೆ ಬಂದಂದಿನಿಂದ ಇಂಥವು ನಡೆಯುತ್ತಲೇ ಇವೆ.

ಕೊಟ್ಟವರು ಬಬಲೇಶ್ವರದ ನನ್ನ ಮಾವ. ನನಗೆ ಬಡ್ತಿ ಸಿಕ್ಕಾಗ, ಆ ವರ್ಷ ತಮ್ಮ ತೋಟದ ದ್ರಾಕ್ಷಿಗೆ ಒಳ್ಳೆಯ ಬೆಲೆ ಬಂದ ಖುಷಿಯಲ್ಲಿ, ಹೊಳೆಯುವ ಸ್ಟೀಲಿನ, ಭಾರಿ ಬೆಲೆಯ ಆಟೋಮ್ಯಾಟಿಕ್ ವಾಚು ತಂದು ತಾವೇ ನನ್ನ ಕೈಗೆ ಕಟ್ಟಿದರು. “ಸೆಲ್ಲಿಲ್ಲ, ಕೀಲಿ ಕೊಡೂದಿಲ್ಲ. ಕೈ ಆಡಿದಂಗ ತಾನ ಓಡತೈತಿ. ಇದು ನಿಂತ್ರ ಮನಷ್ಯಾ ಕುಂತಾನಂತ ತಿಳೀಬೇಕು” ಎಂದರು. ಅಂದಿನಿಂದ ತಿಂಗಳಿಗೊಮ್ಮೆ ಬರುತ್ತಾರೆ. ಮೊದಲು ನನ್ನ ಕೈ ನೋಡುತ್ತಾರೆ, ಆಮೇಲೆ ಮುಖ.

೧. ತಪಾಸಣೆ

ಮರುದಿನ ವಾಚನ್ನು ರಿಪೇರಿಯವನ ಮುಂದಿಟ್ಟೆ. ಅವನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಒಳಗೆಲ್ಲ ನೋಡಿದ. ಆಮೇಲೆ ನನ್ನನ್ನು ನೋಡಿದ.

“ವಾಚಿಗೆ ಏನೂ ಆಗಿಲ್ರಿ. ತಾವು ಏನ್ ಕೆಲಸ ಮಾಡ್ತೀರಿ?”

“ಟಿಕೋಟಾದಾಗ ಸರಕಾರಿ ಆಫೀಸಿನ್ಯಾಗ ಅದೀನ್ರಿ.”

“ಅದು ಕೇಳಲಿಲ್ರಿ. ಕೆಲಸ ಏನ್ ಮಾಡ್ತೀರಿ ಅಂತ ಕೇಳಿದೆ.”

೨. ಟಿಕೋಟಾ ಬಸ್ಸು

ಮಾವ ಬರುವುದಕ್ಕೆ ಹದಿನೈದು ದಿನವಿತ್ತು. ಅವರ ಕಣ್ಣಮುಂದೆ ಇದನ್ನು ನಿಲ್ಲಗೊಡುವುದಿಲ್ಲ ಎಂದು ನಿರ್ಧರಿಸಿದೆ. ಬಸ್ಸಿನ ಹಿಂಭಾಗದಲ್ಲಿ ನಿಂತು, ವಾಚು ಕಟ್ಟಿದ ಕೈಯಿಂದ ಮೇಲಿನ ಸರಳಿಗೆ ಜೋತುಬಿದ್ದೆ. ರಸ್ತೆಯ ಪ್ರತಿ ತಗ್ಗಿಗೂ ವಾಚು ಚೇತರಿಸಿಕೊಂಡಿತು.

“ಸೀಟು ಖಾಲಿ ಅದಾವಲ್ರಿ ಸಾಹೇಬ್ರ, ಕುಂದರ್ರಿ” ಎಂದ ಕಂಡಕ್ಟರ್.

“ನಾ ಕುಂತ್ರ ಇದು ನಿಲ್ತೈತ್ರಿ” ಎಂದೆ. ಆತ ಮೆಲ್ಲಗೆ ಮುಂದಿನ ಬಾಗಿಲ ಕಡೆ ಸರಿದ.

ಮುಂದಿನ ವಾರ ರಸ್ತೆಗೆ ಹೊಸ ಡಾಂಬರು ಬಿತ್ತು. ಊರೆಲ್ಲ ಸಂತೋಷಪಟ್ಟಿತು. ವಾಚು ನಿಂತಿತು.

೩. ಆರನೆಯ ರೊಟ್ಟಿ

ಮರುದಿನವೇ ಮಾವ ಬರುವವರಿದ್ದರು. ಅಡುಗೆಮನೆಯಲ್ಲಿ ಹೆಂಡತಿ ಜೋಳದ ರೊಟ್ಟಿ ಪಟಪಟ ಬಡಿಯುತ್ತಿದ್ದಳು. ಆ ಕೈಗಳನ್ನೇ ನೋಡುತ್ತ ನಿಂತೆ.

“ನನಗ ಕಲಿಸು” ಎಂದೆ.

ಅವಳು ಹಿಟ್ಟಿನ ಕೈಯಿಂದಲೇ ನನ್ನ ಹಣೆ ಮುಟ್ಟಿ ನೋಡಿದಳು. ಜ್ವರವಿರಲಿಲ್ಲ. ಮೊದಲ ಎರಡು ರೊಟ್ಟಿ ಹರಿದವು, ವಾಚು ಮಾತ್ರ ಓಡಿತು.

ಮಾವ ಮರುದಿನ ಬೆಳಗಿನ ಬಸ್ಸಿಗೇ ಬಂದರು. ನಾನು ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು ಆರನೆಯ ರೊಟ್ಟಿಯಲ್ಲಿದ್ದೆ.

“ಏನವಾ, ಅಳಿಯಾರು ಏನ್ ಮಾಡಾಕತ್ತಾರ?” ಎಂದರು ಮಗಳಿಗೆ.

“ನೀ ಕೊಟ್ಟ ವಾಚು ಓಡಸಾಕತ್ತಾರಪ್ಪಾ.”

ಅವರು ನನ್ನ ಮಣಿಕಟ್ಟು ಹಿಡಿದು, ಹಿಟ್ಟು ಒರೆಸಿ, ಕಿವಿಗಿಟ್ಟುಕೊಂಡು ಕೇಳಿದರು. ಓಡುತ್ತಿತ್ತು. ಮಗಳ ಕಡೆ ತಿರುಗಿದರು:

“ಹಿಂಗಂತ ಗೊತ್ತಿದ್ರ ಲಗ್ನದಾಗ ಕೊಡತಿದ್ನಲ್ಲವಾ!”

ವಾಚು ಈಗ ಸರಿಯಾಗಿ ಓಡುತ್ತಿದೆ. ದಿನಕ್ಕೆ ಹನ್ನೆರಡು ರೊಟ್ಟಿ.