ಮಾವನವರ ಬಲಗಾಲಿನ ಹೆಬ್ಬೆರಳಿಗೆ, ಟೈರಿನ ಗಾಳಿಯ ವಿಚಾರವಾಗಿ

ಕೂಡ್ಲಿಗಿ, ವೈಶಾಖದ ನಡುಬಿಸಿಲು

ಮಾನ್ಯ ಹೆಬ್ಬೆರಳಿನವರೇ,

ಚಪ್ಪಲಿಯೊಳಗೆ ತಾವು ಕ್ಷೇಮವಾಗಿರುವಿರೆಂದು ನಂಬಿ, ತಮ್ಮ ಮಾಲೀಕರಾದ ಶಿವಯೋಗಪ್ಪನವರ ಸೊಸೆ ಶೈಲಾ ಮಾಡುವ ನಮಸ್ಕಾರಗಳು. ಟ್ರ್ಯಾಕ್ಟರಿನ ಟೈರು ಒದ್ದು ಒದ್ದು ಗಾಳಿಯ ಅಂದಾಜು ಹೇಳುವ ತಮ್ಮ ಕೀರ್ತಿಯನ್ನು ಮದುವೆಯಾಗಿ ಬಂದಂದಿನಿಂದ ಕೇಳುತ್ತಿದ್ದೆ. ಮೊನ್ನೆ ಕಣ್ಣಾರೆ ಕಂಡೆ.

ಹೋಳಿಗೆ ಮಾಡಿ ಮಾರುವ ನನಗೆ ಪರವೂರಿನಿಂದ ಬಂದ ಮೊದಲ ಆರ್ಡರು, ಹೊಳಲಿನ ಹಂಪಮ್ಮನವರ ಮೊಮ್ಮಗಳ ತೊಟ್ಟಿಲ ಕಾರ್ಯದ್ದು. ಬೆಳಿಗ್ಗೆ ಟೈರು ತಣ್ಣಗಿರುವಾಗಲೇ ಬಂಕಿಗೆ ಹೋಗಿ, ಕಾರಿನ ಬಾಗಿಲ ಅಂಚಿನಲ್ಲಿ ಕಂಪನಿಯವರು ಬರೆದಷ್ಟೇ ಗಾಳಿ ತುಂಬಿಸಿ, ಬುಟ್ಟಿಗಳನ್ನು ಹಿಂದಿನ ಸೀಟಿಗೇರಿಸಿ ಹೊರಟೆ. ದಾರಿಗೊಬ್ಬ ಗಂಡಸಿರಲೆಂದು ಮಾವನವರು ಮುಂದೆ ಕೂತರು. ಅವರ ಜೊತೆ, ಯಾರೂ ಕರೆಯದಿದ್ದರೂ, ತಾವೂ ಬಂದಿರಿ.

ಕೊಟ್ಟೂರಿನಲ್ಲಿ ಚಹಾಕ್ಕೆ ನಿಂತಾಗ ತಾವು ಮುಂದಿನ ಎಡಟೈರನ್ನು ಒದ್ದು ನೋಡಿದಿರಿ. ಮಾವನವರು ತಮ್ಮ ತೀರ್ಪನ್ನು ಓದಿದರು: "ಬಿಸಿಲಿಗೆ ಗಾಳಿ ಉಬ್ಬೈತವ್ವ, ಒಂಚೂರು ಬಿಡಬೇಕು, ಇಲ್ಲಾಂದ್ರ ಒಡಿತೈತಿ." ಓಡಿದ ಟೈರು ಬಿಸಿಯಾಗಿ ಬಿರುಸಾಗುವುದು ಸಹಜ, ತಣಿದರೆ ತಾನೇ ಸರಿಹೋಗುತ್ತದೆ, ಕಾದಾಗ ಗಾಳಿ ಬಿಡಬಾರದು ಎಂದು ನಾನು ಎಷ್ಟು ಹೇಳಿದರೂ, ತಮಗೆ ಕಿವಿಯಿಲ್ಲದ ಕಾರಣ ವ್ಯರ್ಥವಾಯಿತು. ಬೆಂಚಿನ ಮೇಲಿದ್ದವರೂ ಎದ್ದು ಬಂದು ತಂತಮ್ಮ ಹೆಬ್ಬೆರಳಿನಿಂದ ಒದ್ದು ಹೌದೌದೆಂದರು. ಮಾವನವರು ಬೆಂಕಿಕಡ್ಡಿಯಲ್ಲಿ ವಾಲ್ವ್ ಒತ್ತಿ ಬುಸ್ಸೆಂದು ಬಿಟ್ಟೇಬಿಟ್ಟರು. ಹರಪನಹಳ್ಳಿಯಲ್ಲಿ ಮತ್ತೆ ಅದೇ ಪೂಜೆ, ಅದೇ ಪ್ರಸಾದ.

ಹೊಳಲು ಇನ್ನೇನು ಬಂತು ಅನ್ನುವಾಗ, ಗಾಳಿ ಸಾಲದೆ ಮೆತ್ತಗಾಗಿ, ರಸ್ತೆಗೆ ತಿಕ್ಕಿ ತಿಕ್ಕಿ ಕಾದಿದ್ದ ಅದೇ ಟೈರು ಢಬ್ಬೆಂದಿತು. "ನಾ ಅವಾಗ ಹೇಳಿದ್ದಿಲ್ಲೇನು, ಇನ್ನೊಂಚೂರು ಬಿಡಬೇಕಿತ್ತು" ಅಂದರು ಮಾವನವರು.

ಸ್ಟೆಪ್ನಿ ಹಾಕಿ ಮುಟ್ಟುವಷ್ಟರಲ್ಲಿ ಪಂಕ್ತಿ ಎದ್ದಿತ್ತು. ಹಂಪಮ್ಮನವರು ಒಂದು ಚೂರು ಬಾಯಿಗೆ ಹಾಕಿಕೊಂಡು, "ಹೋಳಿಗಿ ಭಾಳ ಚಲೋ ಅದಾವವ್ವ, ಮಂದಿ ಕೈ ತೊಳಕೊಂಡ ಮ್ಯಾಲೆ ಬಂದಾವ" ಅಂದರು. ನನಗೆ ಅಳುವೇ ಬಂತು. ತಾವು ಮಾತ್ರ ಹೊಟ್ಟೆತುಂಬ ಉಂಡವರಂತೆ ಚಪ್ಪಲಿಯಲ್ಲಿ ಆರಾಮಾಗಿದ್ದಿರಿ.

ಇಂಥ ವಿದ್ಯೆ ಒಂದೇ ಮನೆಯಲ್ಲಿ ಕೊಳೆಯಬಾರದು. ಆದ್ದರಿಂದ ತಾವು ದಯಮಾಡಿ ವಿಮಾನಗಳ ಗಾಲಿಗಳನ್ನು ಹಾರುವ ಮುನ್ನ ಒಮ್ಮೆ ಒದ್ದು ನೋಡಬೇಕೆಂದೂ, ಬಿಡುವಾದಾಗ ನಮ್ಮ ಸೀಮೆಯ ಸೂರ್ಯನನ್ನೂ ಒದ್ದು ಒಂಚೂರು ಶಾಖ ಬಿಡಿಸಬೇಕೆಂದೂ ಬೇಡುತ್ತೇನೆ. ಅಷ್ಟಾದರೆ ಹಡಗಲಿಯಿಂದ ಹಗರಿಬೊಮ್ಮನಹಳ್ಳಿಯವರೆಗಿನ ಸಮಸ್ತರೂ ಕೂಡಿ ತಮ್ಮ ಪಾದಪೂಜೆ ಮಾಡುತ್ತೇವೆ.

ತಮ್ಮ ಉಗುರಿನ ಶ್ರೇಯಸ್ಸನ್ನೇ ಸದಾ ಬಯಸುವ,
ತಮ್ಮ ವಿಶ್ವಾಸಿ,
ಶೈಲಾ

ತಾ.ಕ.: ಹಂಪಮ್ಮನವರು ದೊಡ್ಡ ಮನಸ್ಸು ಮಾಡಿ, ಸೋಮವಾರ ತೆಲಿಗಿಯಲ್ಲಿ ತಂಗಿಯ ಮನೆಯ ಸೀಮಂತಕ್ಕೆ ಹೋಳಿಗೆ ಹೇಳಿದ್ದಾರೆ; ಇದೂ ತಡವಾದರೆ ಮತ್ತೆ ಹೇಳುವುದಿಲ್ಲವಂತೆ. ಮುಂದಿನ ಸೀಟನ್ನು ಅತ್ತೆಯವರು ಈಗಾಗಲೇ ಹಿಡಿದಾಗಿದೆ. ತಾವೂ ಬರಲೇಬೇಕೆಂದರೆ ಬಸ್ಸಿದೆ. ಅದಕ್ಕೆ ಆರು ಟೈರು, ದಾರಿಯಲ್ಲಿ ತಮಗೆ ಬೇಸರವಾಗುವುದಿಲ್ಲ.